ಪ್ರಶ್ನೆಪತ್ರಿಕೆಯ ಊರುಗಳಲ್ಲಿ ಏಳು ದಿನ

ಹೊರಡುವ ಮುನ್ನ

ಡಿಸೆಂಬರ್ ಕೊನೆಯ ವಾರ ಕಾರಿನಲ್ಲಿ ಹಂಪಿ, ಐಹೊಳೆ, ಬಾದಾಮಿಗಳಿಗೆ ಹೋಗಿ ಬರಬೇಕೆಂದು ನಾವು ನಿಶ್ಚಯಿಸಿದ್ದು ದಸರಾ ರಜೆಯಲ್ಲಿ. ನಮ್ಮವರಿಗೆ ವರ್ಷ ಮುಗಿಯುವುದರೊಳಗೆ ತೆಗೆದುಕೊಳ್ಳದಿದ್ದರೆ ರದ್ದಾಗುವ ಏಳು ದಿನಗಳ ರಜೆ ಬಾಕಿಯಿತ್ತು, ಒಂಬತ್ತನೆಯ ತರಗತಿಯ ಮಗನಿಗೆ ಕ್ರಿಸ್‌ಮಸ್ ರಜೆಯಿತ್ತು, ಅತ್ತೆಯವರಿಗೆ ಬಾದಾಮಿಯ ಬನಶಂಕರಿಯನ್ನು ಕಾಣಬೇಕೆಂಬ ಬಹಳ ವರ್ಷಗಳ ಆಸೆಯಿತ್ತು. ನನ್ನ ಸೆಮಿಸ್ಟರ್ ಕೂಡ ಡಿಸೆಂಬರ್ 20ರ ಹೊತ್ತಿಗೆ ಮುಗಿಯುವುದೆಂದು ಲೆಕ್ಕ ಹಾಕಿದ್ದೆವು. ಈ ನಾಲ್ಕರಲ್ಲಿ ತಪ್ಪಿದ್ದು ಕೊನೆಯ ಲೆಕ್ಕ ಮಾತ್ರ.

ಎರಡನೆಯ ಕಿರುಪರೀಕ್ಷೆ ಮುಂದಕ್ಕೆ ಹೋಗಿ 23ನೆಯ ತಾರೀಕಿಗೆ ನಿಗದಿಯಾಯಿತು. ಆಂತರಿಕ ಅಂಕಗಳನ್ನು 30ರ ಸಂಜೆ ಐದು ಗಂಟೆಯೊಳಗೆ ಜಾಲತಾಣದಲ್ಲಿ ನಮೂದಿಸಬೇಕೆಂಬ ಸುತ್ತೋಲೆಯೂ ಅದರ ಬೆನ್ನಿಗೇ ಬಂತು. ಸೆಮಿಸ್ಟರ್ ಅಂತ್ಯದ ವಿಶ್ವವಿದ್ಯಾಲಯದ ಪರೀಕ್ಷೆಯಾಗಿದ್ದರೆ ಈ ತೊಡಕೇ ಇರುತ್ತಿರಲಿಲ್ಲ, ಏಕೆಂದರೆ ಅದರ ಉತ್ತರಪತ್ರಿಕೆಗಳನ್ನು ಮೌಲ್ಯಮಾಪನ ಕೇಂದ್ರದಲ್ಲಿಯೇ ಕುಳಿತು ತಿದ್ದಬೇಕು, ಹೊರಗೆ ಒಯ್ಯುವಂತಿಲ್ಲ. ಕಿರುಪರೀಕ್ಷೆಯ ಹಾಳೆಗಳು ಮಾತ್ರ ಅಧ್ಯಾಪಕರ ಚೀಲದಲ್ಲಿಯೇ ಮನೆಗೆ ಬರುತ್ತವೆ. ಪ್ರವಾಸಕ್ಕೆ ಒಯ್ಯುವುದು ಸರಿಯಲ್ಲವೆಂದು ನನಗೆ ಆಗಲೂ ತಿಳಿದಿತ್ತು. ಆದರೆ 25ರ ಬೆಳಿಗ್ಗೆ ಹೊರಡಬೇಕಾದವಳ ಕೈಗೆ 24ರ ಮಧ್ಯಾಹ್ನ 124 ಉತ್ತರಪತ್ರಿಕೆಗಳ ಕಟ್ಟು ಬಂದರೆ ಅದನ್ನು ಬೇರೆಲ್ಲಿ ಇಡುವುದು?

ನಾನು ಕನ್ನಡ ಅಧ್ಯಾಪಕಿ. ಹಳಗನ್ನಡ ಸಾಹಿತ್ಯದ ಮೇಲಿನ ಆ ಪರೀಕ್ಷೆಯಲ್ಲಿ ತಲಾ ಐದು ಅಂಕಗಳ ನಾಲ್ಕು ಪ್ರಶ್ನೆಗಳಿದ್ದವು: ಹಲ್ಮಿಡಿ ಶಾಸನದ ಮಹತ್ವ, ‘ಕವಿರಾಜಮಾರ್ಗ’ ಹೇಳುವ ಕನ್ನಡ ನಾಡಿನ ಎಲ್ಲೆ ಮತ್ತು ತಿರುಳು, ಅತ್ತಿಮಬ್ಬೆಯ ಸಾಹಿತ್ಯಸೇವೆ, ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯ ಅರ್ಥವಿವರಣೆ. ಈ ಪ್ರಶ್ನೆಗಳನ್ನು ಬರೆದಾಗ ನಾವು ಹೋಗಲಿರುವ ದಾರಿ ನನ್ನ ಮನಸ್ಸಿಗೆ ಬಂದಿರಲಿಲ್ಲವೆಂದರೆ ಯಾರೂ ನಂಬುವುದಿಲ್ಲ, ಆದರೆ ಅದು ನಿಜ. ಪಾಠದ ಊರುಗಳು ಒಂದು ಕಡೆ, ಪ್ರವಾಸದ ಊರುಗಳು ಮತ್ತೊಂದು ಕಡೆ ಎಂಬಂತೆ ನನ್ನ ತಲೆಯಲ್ಲಿ ಅವು ಬೇರೆಬೇರೆಯಾಗಿಯೇ ಇದ್ದವು.

ದಿನಕ್ಕೆ 25 ಪತ್ರಿಕೆಗಳಂತೆ ಐದು ದಿನಗಳಲ್ಲಿ ಮುಗಿಸಿಬಿಡು ಎಂದು ನಮ್ಮವರು ಕಾಗದದ ಮೇಲೆ ಬರೆದು ತೋರಿಸಿದರು. ನಾನು ಹಾಗೆ ತಿದ್ದುವುದಿಲ್ಲ. ಮೊದಲು ಎಲ್ಲರ ಮೊದಲನೆಯ ಉತ್ತರ, ಆಮೇಲೆ ಎಲ್ಲರ ಎರಡನೆಯ ಉತ್ತರ, ಹೀಗೆ ಅಡ್ಡಡ್ಡವಾಗಿ ತಿದ್ದುವುದು ನನ್ನ ಕ್ರಮ. ಒಬ್ಬರ ಹಾಳೆಯನ್ನು ಒಂದೇ ಓಟದಲ್ಲಿ ಮುಗಿಸಿದರೆ, ಚೆನ್ನಾಗಿ ಬರೆದ ಮೊದಲ ಉತ್ತರದ ಬೆಳಕು ಉಳಿದ ಮೂರರ ಮೇಲೂ ಬೀಳುತ್ತದೆ. ಇದಕ್ಕೆ ‘ಹೇಲೋ’, ಅಂದರೆ ಪ್ರಭಾವಳಿ, ಎಂಬ ಹೆಸರನ್ನು ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲಿಯೇ ಕೊಟ್ಟಿದ್ದಾರೆ. ಆದ್ದರಿಂದ ದಿನಕ್ಕೊಂದು ಪ್ರಶ್ನೆ, ಐದನೆಯ ದಿನ ಮೊತ್ತ, ಆರನೆಯ ದಿನ ನಮೂದು ಎಂದು ನಿರ್ಧರಿಸಿದೆ. ಒಂದು ಉತ್ತರಕ್ಕೆ ಎರಡು ನಿಮಿಷವೆಂದರೂ ದಿನಕ್ಕೆ ನಾಲ್ಕು ಗಂಟೆ. ಆ ನಾಲ್ಕು ಗಂಟೆ ಎಲ್ಲಿಂದ ಬರುತ್ತದೆಂದು ನಮ್ಮವರು ಕೇಳಿದರು. ಬೆಳಗಿನ ಜಾವದಿಂದ ಎಂದೆ.

ಮೊದಲ ದಿನ: ಚಿತ್ರದುರ್ಗದವರೆಗೆ

ಆರಕ್ಕೆ ಹೊರಡಬೇಕಾದವರು ಹೊರಟದ್ದು ಹತ್ತಕ್ಕೆ. ಹಾಳೆಗಳ ಕಟ್ಟನ್ನು ಡಿಕ್ಕಿಯಲ್ಲಿಟ್ಟರೆ ನೀರು ಸೋರೀತು, ಹಿಂದಿನ ಸೀಟಿನಲ್ಲಿಟ್ಟರೆ ಮಗ ಕಾಲಿಟ್ಟಾನು ಎಂದು ಕೊನೆಗೆ ನನ್ನ ಕಾಲ ಬಳಿಯೇ ಇಟ್ಟುಕೊಂಡೆ. ಹೆದ್ದಾರಿಯಲ್ಲಿ ಹೋಗುವಾಗಲೇ ಹತ್ತಾರು ಹಾಳೆ ತಿದ್ದಬಹುದೆಂಬ ದುರಾಸೆಯೂ ಅದರ ಹಿಂದಿತ್ತು. ಮೂರನೆಯ ಹಾಳೆಗೇ ತಲೆ ಸುತ್ತಿತು. ನಾಲ್ಕನೆಯದರಲ್ಲಿ ನಾನು ಹಾಕಿದ ಅಂಕ ಮೂರೋ ಐದೋ ನನಗೇ ತಿಳಿಯದಂತೆ ಕುಣಿದಿತ್ತು. ಅಲ್ಲಿಗೆ ಕಾರಿನೊಳಗಿನ ಮೌಲ್ಯಮಾಪನ ಮುಕ್ತಾಯವಾಯಿತು.

ಹಿರಿಯೂರಿನಿಂದ ಒಳಗೆ ತಿರುಗಿ ವಾಣಿವಿಲಾಸ ಸಾಗರವನ್ನು ನೋಡಿಕೊಂಡು ಹೋಗುವುದೆಂದಿತ್ತು. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರು ಕಟ್ಟಿಸಿ 1907ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆಯ ಚಿತ್ರ ಮಗನ ಪಠ್ಯಪುಸ್ತಕದಲ್ಲಿದೆ. ತಡವಾಗಿದ್ದರಿಂದ ಬರುವಾಗ ನೋಡೋಣವೆಂದು ಬಿಟ್ಟೆವು. “ಇದು ನಿನ್ನ ಪೇಪರಿನಿಂದ ಬಿಟ್ಟ ಮೊದಲನೆಯ ಜಾಗ” ಎಂದು ಅವನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. ಚಿತ್ರದುರ್ಗದ ಕೋಣೆಯಲ್ಲಿ ರಾತ್ರಿ ಹನ್ನೊಂದರವರೆಗೆ ಕುಳಿತು ಅರುವತ್ತು ಹಲ್ಮಿಡಿಗಳನ್ನು ಮುಗಿಸಿದೆ.

ಎರಡನೆಯ ದಿನ: ಕೋಟೆ, ನಂತರ ಒಂದು ಕೊರತೆ

ಬೆಳಿಗ್ಗೆ ಏಳು ಸುತ್ತಿನ ಕೋಟೆಯನ್ನು ಹತ್ತಿದೆವು. ಅತ್ತೆಯವರು ಎರಡನೆಯ ಬಾಗಿಲಿನ ಬಳಿಯೇ ಕುಳಿತು, ನೀವು ನೋಡಿಕೊಂಡು ಬನ್ನಿ ಎಂದರು. ಬಂಡೆಯ ವಾರೆಗಳನ್ನೇ ಗೋಡೆಯಾಗಿ ಮಾಡಿಕೊಂಡ ಆ ಕೋಟೆಯಲ್ಲಿ, ಎಲ್ಲಿ ಬೆಟ್ಟ ಮುಗಿಯಿತು ಎಲ್ಲಿ ಕಟ್ಟಡ ಆರಂಭವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಒನಕೆ ಓಬವ್ವನ ಕಿಂಡಿಯಲ್ಲಿ ಮಗ ಮೂರು ಸಲ ನುಸುಳಿದ. ಹೈದರಾಲಿ ಈ ಕೋಟೆಯನ್ನು ಮದಕರಿ ನಾಯಕನಿಂದ ಕಸಿದುಕೊಂಡದ್ದು 1779ರಲ್ಲಿ. ಅದಕ್ಕೂ ಮೊದಲಿನ ಪ್ರಯತ್ನಗಳು ಏಕೆ ಕೈಗೂಡಲಿಲ್ಲವೆಂಬುದು ಆ ಕಿರಿದಾದ ತಿರುವುಗಳಲ್ಲಿ ನಡೆದವರಿಗೆ ಅರ್ಥವಾಗುತ್ತದೆ.

ಮಧ್ಯಾಹ್ನ ರಾಷ್ಟ್ರೀಯ ಹೆದ್ದಾರಿ 50ನ್ನು ಹಿಡಿದು ಕೂಡ್ಲಿಗಿಯ ಮೇಲೆ ಹೊಸಪೇಟೆ ಸೇರಿದೆವು. ಉಳಿದ ಹಲ್ಮಿಡಿಗಳನ್ನು ಸಂಜೆ ಮುಗಿಸಿ, ಹಿಂದಿನ ರಾತ್ರಿ ತಿದ್ದಿದ ಹತ್ತನ್ನು ಮತ್ತೊಮ್ಮೆ ತೆಗೆದು ನೋಡಿದೆ. ಪ್ರತಿ ಸಲವೂ ಮಾಡುವ ಕೆಲಸವಿದು. ಮೊದಲ ಹತ್ತರಲ್ಲಿ ಅಧ್ಯಾಪಕರ ನಿರೀಕ್ಷೆ ಹೆಚ್ಚಿರುತ್ತದೆ. ನೂರು ಉತ್ತರಗಳನ್ನು ಓದಿದ ಮೇಲೆ ತರಗತಿ ನಿಜವಾಗಿ ಎಲ್ಲಿದೆಯೆಂದು ತಿಳಿದು ಅಳತೆಗೋಲು ತಾನಾಗಿಯೇ ಕೆಳಗಿಳಿದಿರುತ್ತದೆ. ಹತ್ತರಲ್ಲಿ ನಾಲ್ವರಿಗೆ ಅರ್ಧ ಅಥವಾ ಒಂದು ಅಂಕ ಏರಿಸಬೇಕಾಯಿತು. ಇದು ನನ್ನೊಬ್ಬಳ ದೌರ್ಬಲ್ಯವಲ್ಲ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಸಂಶೋಧಕರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದಾಗ, ನೂರು ಅಂಕಗಳಿಗೆ ಮೂವತ್ತಕ್ಕೂ ಮೀರಿದ ಅಂತರ ಕಂಡುಬಂದಿತ್ತು. ಆ ಶಿಕ್ಷಕರೆಲ್ಲ ತಮ್ಮ ತಮ್ಮ ಊರಿನಲ್ಲಿ ನೆಮ್ಮದಿಯಾಗಿ ಕುಳಿತು ತಿದ್ದಿದವರು. ಕೋಟೆ ಹತ್ತಿ ಇಳಿದು, ಮೊಣಕಾಲು ಒತ್ತಿಕೊಳ್ಳುತ್ತ ತಿದ್ದಿದವರಲ್ಲ.

ಮಲಗುವ ಮುನ್ನ ಎಣಿಸಿದೆ. 123. ಮತ್ತೆ ಎಣಿಸಿದರೂ 123. ಪರೀಕ್ಷೆಯ ದಿನದ ಹಾಜರಿ ಪಟ್ಟಿಯಲ್ಲಿ ಸಹಿಗಳು 124 ಇದ್ದವು. ಅಂಕಗಳ ಪಟ್ಟಿಯೊಂದಿಗೆ ಹೋಲಿಸಿದಾಗ ಇಲ್ಲದ್ದು ಕ್ರಮಸಂಖ್ಯೆ 47 ಎಂದು ತಿಳಿಯಿತು. ಹೊರಡುವ ಮುನ್ನ ಎಣಿಸದೆ ಕಟ್ಟು ಎತ್ತಿಕೊಂಡು ಬಂದದ್ದು ನನ್ನ ತಪ್ಪು. ಕಾರಿನ ಸೀಟುಗಳ ಕೆಳಗೆ, ಚೀಲಗಳ ತಳದಲ್ಲಿ, ಮಗನ ಪುಸ್ತಕಗಳ ನಡುವೆ ಎಲ್ಲ ಕಡೆ ಹುಡುಕಿದೆವು. ಚಿತ್ರದುರ್ಗದ ವಸತಿಗೃಹಕ್ಕೆ ಫೋನ್ ಮಾಡಿದೆ. ಕೋಣೆಯಲ್ಲಿ ಏನೂ ಸಿಕ್ಕಿಲ್ಲವೆಂದರು. ಸಿಗದಿದ್ದರೆ ಆ ವಿದ್ಯಾರ್ಥಿಗೆ ಏನೆಂದು ಹೇಳುವುದು, ಇನ್ನೊಮ್ಮೆ ಬರೆಯಿರಿ ಎನ್ನುವುದೇ, ಮೊದಲ ಕಿರುಪರೀಕ್ಷೆಯ ಅಂಕವನ್ನೇ ಹಾಕುವುದೇ? ಎರಡರಲ್ಲಿಯೂ ನನ್ನ ಅಜಾಗರೂಕತೆಯ ದಂಡವನ್ನು ಅವರೇ ತೆರಬೇಕಾಗುತ್ತದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮೂರನೆಯ ದಿನ: ಹಂಪಿ

ನಿದ್ದೆಗೆಟ್ಟ ಕಣ್ಣಿನಲ್ಲಿ ನೋಡಿದ ಹಂಪಿಯ ಬಗ್ಗೆ ಹೆಚ್ಚು ಬರೆಯುವ ಅಧಿಕಾರ ನನಗಿಲ್ಲ. ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆಯ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಒಳಬಂದ ಬೆಳಕು ಮಹಾಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ಕಂಡು, ಸೂಜಿರಂಧ್ರದ ಕ್ಯಾಮೆರಾ ಎಂದು ಮಗ ಕೂಗಿದ. ವಿಜಯವಿಠ್ಠಲದ ಕಲ್ಲಿನ ರಥದ ಮುಂದೆ ರಜೆಯ ಜನಜಂಗುಳಿ ಎಷ್ಟಿತ್ತೆಂದರೆ ಚಕ್ರಗಳು ಕಾಣಬೇಕಾದರೆ ಹತ್ತು ನಿಮಿಷ ಕಾಯಬೇಕಾಯಿತು.

ನನ್ನ ಕಣ್ಣು ಪೂರ್ತಿ ತೆರೆದದ್ದು ಅರಮನೆಯ ಆವರಣದ ಪುಷ್ಕರಣಿಯ ಮುಂದೆ. ಮಣ್ಣಿನಡಿಯಲ್ಲಿ ಹುಗಿದುಹೋಗಿದ್ದ ಈ ಮೆಟ್ಟಿಲು ಕೊಳ ಹೊರಬಂದದ್ದು 1980ರ ದಶಕದ ಉತ್ಖನನದಲ್ಲಿ. ಕರಿಯ ಕಲ್ಲಿನ ಮೆಟ್ಟಿಲುಗಳು ಒಂದರ ಮೇಲೊಂದು ಎಷ್ಟು ಕರಾರುವಾಕ್ಕಾಗಿ ಕುಳಿತಿವೆಯೆಂದರೆ, ಯಾರೋ ಮೊದಲು ರೇಖಾಗಣಿತದ ಪುಸ್ತಕದಲ್ಲಿ ಬರೆದು ಆಮೇಲೆ ಕಲ್ಲಿಗಿಳಿಸಿದಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಅಕ್ಷರಗಳೂ ಗೆರೆಗಳೂ ಇವೆ. ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಷ್ಟನೆಯ ಸ್ಥಾನ ಎಂದು ಶಿಲ್ಪಿಗಳು ಗುರುತು ಹಾಕಿಕೊಂಡದ್ದು. ಬೇರೆಡೆ ಕೆತ್ತಿ ತಂದ ಕಲ್ಲನ್ನು ಇಲ್ಲಿ ಜೋಡಿಸುವಾಗ ಗೊಂದಲವಾಗದಿರಲಿ ಎಂದು. ಸಾವಿರಾರು ಕಲ್ಲುಗಳಲ್ಲಿ ಒಂದೂ ಸ್ಥಾನ ತಪ್ಪದಂತೆ ನೋಡಿಕೊಂಡವರ ಮುಂದೆ, 124 ಹಾಳೆಗಳಿಗೆ ಕ್ರಮಸಂಖ್ಯೆಯ ಪ್ರಕಾರ ಗುರುತು ಹಾಕಿಕೊಳ್ಳದ ನಾನು ನಿಂತಿದ್ದೆ. ಆ ಸಂಜೆ ಹೊಸಪೇಟೆಗೆ ಮರಳಿದ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ಪ್ರತಿ ಪತ್ರಿಕೆಯ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಒಂದೊಂದು ಸಂಖ್ಯೆ ಬರೆದದ್ದು. 123ಕ್ಕೆ ನಿಂತಿತು.

‘ಕವಿರಾಜಮಾರ್ಗ’ದ ಪ್ರಶ್ನೆಯಲ್ಲಿ ಐವತ್ತೇ ಆದವು.

ನಾಲ್ಕನೆಯ ದಿನ: ಕೊಪಣದ ಫಲಕ, ಕಿಸುವೊಳಲಿನ ನೆರಳು

ಹೊಸಪೇಟೆಯಿಂದ ಉತ್ತರಕ್ಕೆ ಹೊರಟು ತುಂಗಭದ್ರೆಯನ್ನು ದಾಟಿದ ಮೇಲೆ ಎಡಗಡೆಗೆ ಕೊಪ್ಪಳ ಎಂಬ ಫಲಕ ಕಾಣಿಸಿತು. ಹಿಂದಿನ ರಾತ್ರಿಯಷ್ಟೇ ಐವತ್ತು ಸಲ ಓದಿದ್ದ ಹೆಸರು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡವೆಂದು ಗುರುತಿಸಿದ ‘ಕವಿರಾಜಮಾರ್ಗ’, ಅದರೊಳಗೂ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡಿನ ಕನ್ನಡವನ್ನು ತಿರುಳೆಂದು ಎತ್ತಿ ಹೇಳುತ್ತದೆ. ಸುಮಾರು 850ರ ಹೊತ್ತಿಗೆ, ನೃಪತುಂಗನ ಆಸ್ಥಾನದಲ್ಲಿ ರಚನೆಯಾದ ಕೃತಿಯದು. ಈ ನಾಲ್ಕು ಹೆಸರುಗಳನ್ನು ಹದಿನಾರು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೇನೆ. ಅವುಗಳಲ್ಲಿ ಒಂದಕ್ಕೆ ಹೋಗುವ ದಾರಿಯ ಹಸಿರು ಫಲಕವನ್ನು ನೋಡಿದ್ದು ಅಂದೇ ಮೊದಲು. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವ ಊರು ಅದು, ನೋಡಲು ಬೇಕಾದಷ್ಟಿದೆ. ಕಾರು ನಿಲ್ಲಿಸಿ ಎಂದೆ. ಎಡಕ್ಕೆ ತಿರುಗಿದರೆ ಐಹೊಳೆಗೆ ಸಂಜೆಯಾಗುತ್ತದೆ ಎಂದರು ನಮ್ಮವರು. ಫಲಕದ ಚಿತ್ರ ತೆಗೆದುಕೊಂಡು ಮುಂದೆ ಹೋದೆವು.

ಆದರೆ ಅಲ್ಲಿಂದಾಚೆಗೆ ನನಗೆ ಈ ಪ್ರವಾಸ ಬೇರೆಯೇ ಆಯಿತು. ಕಿಸುವೊಳಲೆಂದರೆ ಪಟ್ಟದಕಲ್ಲು, ಸಂಜೆಗೆ ನಾವು ತಲುಪಬೇಕಾದ ಊರು. ತ್ರಿಪದಿಯ ಬಂಡೆ ಬಾದಾಮಿಯಲ್ಲಿದೆ. ಅತ್ತಿಮಬ್ಬೆಯ ಲಕ್ಕುಂಡಿ ಗದಗಿನ ಪಕ್ಕದಲ್ಲಿ, ನಾವು ಹಿಂದಿರುಗುವ ದಾರಿಯಲ್ಲಿಯೇ ಇದೆ. ನಾನು ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಮೂರು ಈ ರಸ್ತೆಯ ಆಚೀಚೆ ಕುಳಿತಿದ್ದವು. ಮಗನಿಗೆ ಇದನ್ನು ಹೇಳಿದಾಗ ಅವನು, “ಹಾಗಾದರೆ ನೀನು ನೋಡದ ಊರಿನ ಬಗ್ಗೆ, ಅವರು ನೋಡದ ಊರಿನ ಉತ್ತರಕ್ಕೆ, ಅಂಕ ಕೊಡುತ್ತಿದ್ದೀಯಾ?” ಎಂದ. ಒಂಬತ್ತನೆಯ ತರಗತಿಯವರಿಗೆ ಇಂಥ ಪ್ರಶ್ನೆಗಳು ಎಲ್ಲಿಂದ ಹೊಳೆಯುತ್ತವೆಯೋ.

ಕುಷ್ಟಗಿ, ಇಳಕಲ್ಲು, ಹುನಗುಂದಗಳನ್ನು ದಾಟಿ ಐಹೊಳೆಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ದುರ್ಗದ ಗುಡಿಯ ಆನೆಬೆನ್ನಿನಂಥ ಹಿಂಬದಿಯನ್ನು ಸುತ್ತಿ ಬಂದ ಮೇಲೆ ಅತ್ತೆಯವರನ್ನು ನೆರಳಿನಲ್ಲಿ ಕೂರಿಸಿ ನಾವು ಮೂವರು ಮೇಗುತಿಯ ಗುಡ್ಡ ಹತ್ತಿದೆವು. 634ರಲ್ಲಿ ರವಿಕೀರ್ತಿ ಬರೆದ ಶಾಸನ ಅಲ್ಲಿನ ಜಿನಾಲಯದ ಗೋಡೆಯಲ್ಲಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಎದುರಿಸಿ ಗೆದ್ದ ಸಂಗತಿಗೆ ಅದು ದೊಡ್ಡ ಆಧಾರ. ಕಾಳಿದಾಸನ ಕಾಲವನ್ನು ಚರ್ಚಿಸುವವರೂ ಅದರ ಬಳಿಗೇ ಬರಬೇಕು, ಏಕೆಂದರೆ ಕವಿತೆಯಲ್ಲಿ ತಾನು ಕಾಳಿದಾಸ, ಭಾರವಿಯರ ಕೀರ್ತಿಯನ್ನು ಪಡೆದವನೆಂದು ರವಿಕೀರ್ತಿ ಹೇಳಿಕೊಂಡಿದ್ದಾನೆ. ತನ್ನ ಪತ್ರಿಕೆಗೆ ತಾನೇ ಪೂರ್ಣಾಂಕ ಹಾಕಿಕೊಂಡ ಮೊದಲ ವ್ಯಕ್ತಿ ಇವನೇ ಇರಬೇಕೆಂದು ನಮ್ಮವರು ನಕ್ಕರು. ಆ ಅಂಕವನ್ನು 1,400 ವರ್ಷಗಳಲ್ಲಿ ಯಾರೂ ಅಳಿಸಿಲ್ಲವಲ್ಲ ಎಂದೆ.

ಪಟ್ಟದಕಲ್ಲನ್ನು ಸೇರಿದ್ದು ನಾಲ್ಕು ಗಂಟೆಗೆ. ಮಲಪ್ರಭೆಯ ದಡದಲ್ಲಿ ಕೆಂಪು ಕಲ್ಲಿನ ಗುಡಿಗಳು ಇಳಿಬಿಸಿಲಿಗೆ ಮತ್ತಷ್ಟು ಕೆಂಪಾಗಿದ್ದವು. ‘ಕಿಸು’ ಎಂದರೆ ಕೆಂಪು ಎಂದು ನೂರಾರು ಸಲ ಪಾಠ ಹೇಳಿದ್ದರೂ, ಆ ಹೆಸರು ಏಕೆ ಬಂತೆಂದು ಕಣ್ಣಿಗೆ ಕಂಡದ್ದು ಆ ಕ್ಷಣದಲ್ಲಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಇಲ್ಲಿ ದೊಡ್ಡದು. ಅದನ್ನು ಕಟ್ಟಿದ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದದ್ದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ರಾಜರಾಣಿಯರ ಹೆಸರಿನ ಜೊತೆಗೆ ಕೆಲಸ ಮಾಡಿದವನ ಹೆಸರೂ ಉಳಿಯುವುದು ನಮ್ಮ ಶಾಸನಗಳಲ್ಲಿ ಅಪರೂಪವಲ್ಲ, ಆದರೆ ನಮ್ಮ ಪಾಠಗಳಲ್ಲಿ ಅಪರೂಪ.

ರಾತ್ರಿ ಬಾದಾಮಿಯಲ್ಲಿ ‘ಕವಿರಾಜಮಾರ್ಗ’ದ ಉತ್ತರಗಳನ್ನು ಮತ್ತೆ ಮೊದಲಿನಿಂದ ತೆರೆದೆ. ನಾನು ಸಿದ್ಧಪಡಿಸಿಕೊಂಡಿದ್ದ ಮೌಲ್ಯಮಾಪನ ಸೂಚಿಯಲ್ಲಿ ಕೃತಿ ಮತ್ತು ಕಾಲಕ್ಕೆ ಒಂದು, ಎಲ್ಲೆಗೆ ಎರಡು, ನಾಲ್ಕು ಊರುಗಳ ಹೆಸರಿಗೆ ಎರಡು ಅಂಕಗಳಿದ್ದವು. ಹೆಸರು ಸರಿಯಿದ್ದರೆ ಅಂಕ, ತಪ್ಪಿದ್ದರೆ ಇಲ್ಲ. ಒಂಬತ್ತು ಮಂದಿ ಹಳೆಯ ಹೆಸರುಗಳಲ್ಲಿ ಒಂದೆರಡನ್ನು ಮರೆತಿದ್ದರೂ, ಅದು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಎಂದು ಸರಿಯಾಗಿ ಬರೆದಿದ್ದರು. ಅವರಿಗೆ ನಾನು ಅಂಕ ಕಳೆದಿದ್ದೆ. ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿ, ಅವು ಮಹಾರಾಷ್ಟ್ರದಲ್ಲಿವೆ ಎಂದು ಬರೆದ ಒಬ್ಬರಿಗೆ ಪೂರ್ಣ ಎರಡು ಅಂಕ ಕೊಟ್ಟಿದ್ದೆ. ಸೂಚಿಯನ್ನು ಬದಲಾಯಿಸಿದೆ. ಬದಲಾಯಿಸಿದರೆ ಎಲ್ಲರಿಗೂ ಬದಲಾಯಿಸಬೇಕು. ಒಬ್ಬರಿಗಾಗಿ ಸೂಚಿ ಬದಲಿಸುವುದಕ್ಕೆ ನ್ಯಾಯವೆಂಬ ಹೆಸರಿಲ್ಲ. ಒಂದೂವರೆ ಗಂಟೆ ಹೆಚ್ಚಾಯಿತು.

ಐದನೆಯ ದಿನ: ಬಾದಾಮಿ

ಬೆಳಗಿನ ನಾಲ್ಕು ಗಂಟೆಗೆ ಎದ್ದು ಅತ್ತಿಮಬ್ಬೆಯನ್ನು ಮುಗಿಸಿದೆ. ತ್ರಿಪದಿಯ ಪ್ರಶ್ನೆಯನ್ನು ಮುಟ್ಟಲಿಲ್ಲ. ಬಂಡೆಯನ್ನು ನೋಡಿ ಬಂದ ಮೇಲೆಯೇ ತಿದ್ದುವೆನೆಂದು ಮೊದಲ ಬಾರಿಗೆ ಸ್ಥಳಕ್ಕಾಗಿ ಕೆಲಸವನ್ನು ಮುಂದೂಡಿದೆ. ಅಲ್ಲಿಯವರೆಗೆ ಕೆಲಸಕ್ಕಾಗಿ ಸ್ಥಳಗಳನ್ನು ಮುಂದೂಡುತ್ತ ಬಂದಿದ್ದೆವು.

ಗುಹೆಗಳಲ್ಲಿ ಮೊದಲನೆಯದರ ಹದಿನೆಂಟು ತೋಳುಗಳ ನಟರಾಜನನ್ನೂ, ಒಂದನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಲೇಶ ಮಾಡಿಸಿ 578ರಲ್ಲಿ ಮುಗಿದ ಮೂರನೆಯದರ ವಿಷ್ಣುವನ್ನೂ ನೋಡಿ, ಅಗಸ್ತ್ಯ ತೀರ್ಥದ ದಂಡೆಯನ್ನು ಸುತ್ತಿ ಆಚೆ ಬದಿಗೆ ಹೋದೆವು. ಕಪ್ಪೆ ಅರಭಟ್ಟನ ಶಾಸನ ಕೆರೆಯ ಈಶಾನ್ಯದ ಬಂಡೆಯ ಮೇಲಿದೆ. ಗುಹೆಗಳ ಮುಂದಿದ್ದ ಜನಸಂದಣಿಯಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲಿರಲಿಲ್ಲ. ತ್ರಿಪದಿ ಛಂದಸ್ಸಿನ ಇಷ್ಟು ಹಳೆಯ ಉದಾಹರಣೆ ಕನ್ನಡದಲ್ಲಿ ಬೇರೆ ಸಿಕ್ಕಿಲ್ಲ. ಸುಮಾರು 700ರದೆಂದು ಹೇಳುತ್ತಾರೆ. ಪುಸ್ತಕದಲ್ಲಿ ನಾವು ಮೂರು ಸಾಲುಗಳಾಗಿ ಅಚ್ಚುಕಟ್ಟಾಗಿ ಮುದ್ರಿಸಿ ಓದುವ ಪದ್ಯ, ಬಂಡೆಯ ಮೇಲೆ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿತ್ತು.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್ ಮಾಧವನೀತನ್ ಪೆರನಲ್ಲ ಎಂದು ನಾನು ಗಟ್ಟಿಯಾಗಿ ಓದಿದೆ. ನಿಜ ಹೇಳಬೇಕೆಂದರೆ ಬಂಡೆಯನ್ನು ನೋಡಿ ಓದಲಿಲ್ಲ, ನೆನಪಿನಿಂದ ಹೇಳಿದೆ. ಆ ಲಿಪಿಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಹಿಡಿಯುವಷ್ಟೇ ನನಗೆ ಬರುತ್ತದೆ. ಇದರ ಅರ್ಥವೇನೆಂದು ಅತ್ತೆಯವರು ಕೇಳಿದರು. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿಯಾದವನು, ಪೀಡಿಸಲು ಬಂದ ಕಲಿಗೆ ಮಾತ್ರ ಕಲಿಯುಗದಲ್ಲಿಯೇ ಅಸಾಧಾರಣನಾದವನು, ಇವನು ಮಾಧವನೇ ಹೊರತು ಬೇರೆಯಲ್ಲ ಎಂದೆ. “ಹಾಗಾದರೆ ನಮ್ಮ ದೊಡ್ಡ ಮಾವನವರ ಥರ” ಎಂದರು ಅವರು. ಕೊನೆಯ ತ್ರಿಪದಿಯಲ್ಲಿ ಒಂದು ಹೋಲಿಕೆಯಿದೆ: ಕಟ್ಟಿಹಾಕಿದ್ದ ಸಿಂಹವನ್ನು, ಇದರಿಂದ ನಮಗೇನು ಕೆಡುಕೆಂದು ಬಿಟ್ಟವರಂತೆ, ಇವನ ಅಹಿತರು ವಿಚಾರವಿಲ್ಲದೆ ಕೆಟ್ಟರು, ಸತ್ತರು. ಮಗನಿಗೆ ಹಿಡಿಸಿದ್ದು ಈ ಸಿಂಹ.

ಮಧ್ಯಾಹ್ನ ಎರಡರಿಂದ ಆರರವರೆಗೆ ತ್ರಿಪದಿಗಳನ್ನು ತಿದ್ದಿದೆ. ಅಷ್ಟೂ ದಿನಗಳಲ್ಲಿ ಬೇಸರವಿಲ್ಲದೆ ಮಾಡಿದ ಕೆಲಸ ಅದೊಂದೇ. ಹೆಚ್ಚಿನವರು ಗೈಡಿನ ವಾಕ್ಯಗಳನ್ನು ಒಪ್ಪಿಸಿದ್ದರು. ಒಬ್ಬ ವಿದ್ಯಾರ್ಥಿನಿ ಮಾತ್ರ, ನಮ್ಮ ಅಜ್ಜನೂ ಹೀಗೆಯೇ, ಹೊಲದ ಬದುವಿನ ವಿಷಯ ಬಂದರೆ ಊರಿಗೇ ಹೆದರುತ್ತಿರಲಿಲ್ಲ, ಉಳಿದಂತೆ ಮೃದು ಎಂದು ಎರಡು ಸಾಲು ಬರೆದು, ಮಾಧವನ ಪ್ರಸ್ತಾಪವನ್ನೇ ಬಿಟ್ಟಿದ್ದಳು. ಹಿಂದಿನ ದಿನವಾಗಿದ್ದರೆ ಎರಡು ಅಂಕ ಕೊಟ್ಟು ಮುಂದಿನ ಹಾಳೆಗೆ ಹೋಗುತ್ತಿದ್ದೆ. ನಾಲ್ಕು ಕೊಟ್ಟೆ. ಮಾಧವನಿಗಾಗಿ ಒಂದನ್ನು ಕಳೆದೆ.

ಐದು ಗಂಟೆಯ ಸುಮಾರಿಗೆ, ಪೆನ್ಸಿಲಿನಲ್ಲಿ 88 ಎಂದು ಬರೆದಿದ್ದ ಪತ್ರಿಕೆಯಲ್ಲಿ ತ್ರಿಪದಿಯ ಉತ್ತರ ಎರಡು ಸಲ ಸಿಕ್ಕಿತು. ಒಂದು ಬಲಕ್ಕೆ ವಾಲಿದ ಅಕ್ಷರ, ಇನ್ನೊಂದು ದುಂಡಗಿನ ಅಕ್ಷರ. ದಾರ ಬಿಚ್ಚಿ ನೋಡಿದರೆ ಎರಡು ಪತ್ರಿಕೆಗಳು ಒಂದೇ ದಾರದಲ್ಲಿ ಕಟ್ಟಿಕೊಂಡಿದ್ದವು. ಒಳಗಿದ್ದ ಹಾಳೆಯ ತಲೆಯಲ್ಲಿ ಕ್ರಮಸಂಖ್ಯೆ 47. ಪರೀಕ್ಷೆಯ ಕೊನೆಯ ಗಡಿಬಿಡಿಯಲ್ಲಿ ಅಕ್ಕಪಕ್ಕದವರ ಹಾಳೆಗಳು ಒಟ್ಟಿಗೆ ಸೇರಿದ್ದವು. ಹಿಂದಿನ ಮೂರೂ ಪ್ರಶ್ನೆಗಳಲ್ಲಿ, ಮೊದಲು ಕಂಡ ಉತ್ತರವನ್ನು ತಿದ್ದಿ ಹಾಳೆ ಮಗುಚಿ ಮುಂದೆ ಹೋಗಿದ್ದೆನಾದ್ದರಿಂದ ಒಳಗಿನ ಪತ್ರಿಕೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಡ್ಡಡ್ಡವಾಗಿ ತಿದ್ದುವ ಕ್ರಮದ ಬಗ್ಗೆ ನನಗಿದ್ದ ಹೆಮ್ಮೆ ಆಗ ಸ್ವಲ್ಪ ಇಳಿಯಿತು. “ಸಿಕ್ಕಿತೇನಮ್ಮಾ?” ಎಂದು ಪಕ್ಕದ ಕೋಣೆಯಿಂದ ಅತ್ತೆಯವರು ಕೇಳಿದಾಗಲೇ ನಾನು ಕೂಗಿಕೊಂಡಿದ್ದೆನೆಂದು ತಿಳಿದದ್ದು.

ಆರನೆಯ ದಿನ: ಬನಶಂಕರಿ, ಲಕ್ಕುಂಡಿ, ಪುಲಿಗೆರೆ

ಮುಂಜಾನೆ ಬನಶಂಕರಿಯ ದರ್ಶನ ಮುಗಿಯಿತು. ಅತ್ತೆಯವರು ಹೊಂಡದ ಸುತ್ತಲಿನ ಮಂಟಪದಲ್ಲಿ ಒಂದು ಗಂಟೆ ಕುಳಿತರು. ಅವರ ಪ್ರವಾಸ ಅಲ್ಲಿಗೆ ಸಂಪೂರ್ಣವಾಯಿತು.

ಏಳರಿಂದ ಹತ್ತರವರೆಗೆ ನಾನು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಕೊನೆಯ ದಿನ ಎಲ್ಲರೂ ಒಟ್ಟಿಗೆ ನಮೂದಿಸಲು ಕುಳಿತರೆ ಜಾಲತಾಣ ಹೇಗೆ ನಡೆಯುತ್ತದೆಯೋ ಹಾಗೆಯೇ ನಡೆಯಿತು: ಹತ್ತು ಅಂಕಗಳನ್ನು ತುಂಬುವಷ್ಟರಲ್ಲಿ ಪುಟ ಹೊರಗೆ ದಬ್ಬುತ್ತಿತ್ತು, ಮತ್ತೆ ಒಳಹೋಗಲು ಓಟಿಪಿ ಬೇಕು, ಓಟಿಪಿ ಬರಲು ಗುಡ್ಡಗಳ ನಡುವಿನ ಆ ಕೋಣೆಯಿಂದ ಹೊರಗೆ ಬಯಲಿಗೆ ಓಡಬೇಕು. ಹತ್ತು ಗಂಟೆಗೆ 70 ಮುಗಿದಿದ್ದವು. ಕೋಣೆ ಬಿಡಬೇಕಾಗಿತ್ತು.

ಉಳಿದ 54ನ್ನು ಮುಗಿಸಿದ್ದು ಲಕ್ಕುಂಡಿಯಲ್ಲಿ, ಬ್ರಹ್ಮ ಜಿನಾಲಯದ ಆವರಣದಾಚೆಯ ಮರದ ನೆರಳಿನಲ್ಲಿ, ಫೋನಿನ ಇಂಟರ್ನೆಟ್ ಹಂಚಿಕೊಂಡು. ನಮ್ಮವರು ಪಟ್ಟಿಯನ್ನು ಹಿಡಿದು ಕ್ರಮಸಂಖ್ಯೆ ಮತ್ತು ಅಂಕ ಓದುವುದು, ನಾನು ಒತ್ತುವುದು. “71, ಹದಿನೈದು. 72, ಎಂಟು.” ಪಕ್ಕದಲ್ಲಿ ಕುಳಿತಿದ್ದ ಅತ್ತೆಯವರು, “ಎಂಟೇ? ಪಾಪ, ಇನ್ನೆರಡು ಹಾಕಬಾರದೇನಮ್ಮಾ” ಎಂದರು. ಹಾಕಲಾಗದೆಂದು ನಾನು ವಿವರಿಸುವಷ್ಟರಲ್ಲಿ ಪುಟ ಮತ್ತೆ ಹೊರಗೆ ದಬ್ಬಿತು. ಮೂರೂ ಮುಕ್ಕಾಲಿಗೆ 124ನೆಯದೂ ಸೇರಿತು.

ಆಮೇಲೆ ಗುಡಿಯೊಳಗೆ ಹೋದೆವು. ಅತ್ತಿಮಬ್ಬೆ ಈ ಜಿನಾಲಯವನ್ನು ಕಟ್ಟಿಸಿದ್ದು 1007ರಲ್ಲಿ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳು ಅವಳು. ಆ ಸಂಖ್ಯೆಯನ್ನು ಪಾಠದಲ್ಲಿ ಹೇಳಿ ಮುಂದೆ ಹೋಗುವುದು ರೂಢಿ, 124 ಹಸ್ತಾಕ್ಷರಗಳನ್ನು ಆರು ದಿನ ಓದಿದ ಕಣ್ಣುಗಳಿಗೆ ಅದು ಆ ದಿನ ಬೇರೆಯಾಗಿ ಕಂಡಿತು. ಸಾವಿರ ಪ್ರತಿಯೆಂದರೆ ತಾಳೆಗರಿಯ ಮೇಲೆ ಒಂದೊಂದಾಗಿ ಲೋಹದ ಕಂಟದಿಂದ ಕೊರೆದ ಅಕ್ಷರಗಳು. ಬರೆದವರು ಎಷ್ಟು ಮಂದಿ, ಅವರ ತಪ್ಪುಗಳನ್ನು ಯಾರು ನೋಡಿದರು, ಒಂದು ಗರಿ ಇನ್ನೊಂದರ ದಾರಕ್ಕೆ ಸೇರಿಕೊಂಡರೆ ಯಾರು ಕಂಡುಹಿಡಿದರು? ಪರೀಕ್ಷೆಯಲ್ಲಿ ಯಾರೂ ಇದನ್ನು ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ.

ಬೆಳಕಿರುವಾಗಲೇ ಲಕ್ಷ್ಮೇಶ್ವರವನ್ನೂ ಸೇರಿಸಬಹುದೆಂದು ಮಗನೇ ಹಠ ಹಿಡಿದ. ನಾಲ್ಕರಲ್ಲಿ ಕಿಸುವೊಳಲನ್ನು ನೋಡಿದ್ದೇವೆ, ಕೊಪಣದ ಫಲಕ ನೋಡಿದ್ದೇವೆ, ಪುಲಿಗೆರೆಯನ್ನು ಬಿಟ್ಟರೆ ಹೇಗೆ ಎಂಬುದು ಅವನ ವಾದ. ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ ಕನ್ನಡವೆಂದು ಹೇಳಿಕೊಂಡಿದ್ದಾನೆ. ಸೋಮೇಶ್ವರ ದೇವಾಲಯವನ್ನು ತಲುಪುವಾಗ ಮುಚ್ಚಂಜೆ. ಹತ್ತು ನಿಮಿಷ ನಿಂತು, ಅಂಗಳದಲ್ಲಿ ಇಬ್ಬರು ಮುದುಕರು ಮಾತನಾಡುತ್ತಿದ್ದುದನ್ನು ಕೇಳಿಸಿಕೊಂಡೆ. ಬೆಳಗಾವಿ ಜಿಲ್ಲೆಯ ಒಂಕುಂದ ಮಾತ್ರ ಉಳಿಯಿತು. ರಾತ್ರಿ ಹಾವೇರಿಯಲ್ಲಿ ತಂಗಿದೆವು.

ಏಳನೆಯ ದಿನ: ವಾಣಿವಿಲಾಸ ಸಾಗರ

ಹೆದ್ದಾರಿಯಲ್ಲಿ ಮರಳುವಾಗ ಕಾರಿನಲ್ಲಿ ಮೊದಲ ಬಾರಿಗೆ ಏನೂ ಕೆಲಸವಿರಲಿಲ್ಲ. ಅಭ್ಯಾಸಬಲದಿಂದ, ಇಳಿಸಿಕೊಂಡಿದ್ದ ಅಂಕಪಟ್ಟಿಯನ್ನು ಫೋನಿನಲ್ಲಿ ತೆರೆದು ಕೈಬರಹದ ಪಟ್ಟಿಯೊಂದಿಗೆ ತಾಳೆ ನೋಡುತ್ತ ಬಂದೆ. ದಾವಣಗೆರೆ ದಾಟುವಾಗ ಒಂದು ಸಾಲಿನಲ್ಲಿ ಬೆರಳು ನಿಂತಿತು. ಕ್ರಮಸಂಖ್ಯೆ 58ಕ್ಕೆ ನನ್ನ ಪಟ್ಟಿಯಲ್ಲಿ 14 ಇತ್ತು, ಜಾಲತಾಣದಲ್ಲಿ 4. ಬಾದಾಮಿಯ ಕೋಣೆಯಲ್ಲಿ ಪುಟ ಹೊರಗೆ ದಬ್ಬುವ ಭಯದಲ್ಲಿ ವೇಗವಾಗಿ ಒತ್ತಿದಾಗ ಮುಂದಿನ ಒಂದು ಹಾರಿಹೋಗಿರಬೇಕು. ಉಳಿದ 123ನ್ನೂ ಎರಡೆರಡು ಬಾರಿ ನೋಡಿದೆ, ಅವು ಸರಿಯಿದ್ದವು. ನಮೂದಿಸುವ ಅವಕಾಶ ಹಿಂದಿನ ಸಂಜೆಯೇ ಮುಚ್ಚಿತ್ತು. ಕಚೇರಿಗೆ ಫೋನ್ ಮಾಡಿದಾಗ, ಮೂಲ ಉತ್ತರಪತ್ರಿಕೆಯ ಪ್ರತಿಯೊಂದಿಗೆ ಪ್ರಾಂಶುಪಾಲರ ಮೂಲಕ ತಿದ್ದುಪಡಿ ಕೋರಿಕೆ ಕೊಡಿ, ಜನವರಿ ಎರಡಕ್ಕೆ ಕಳಿಸೋಣ ಎಂದರು.

ಹಿರಿಯೂರಿನಿಂದ ಈ ಬಾರಿ ಒಳಗೆ ತಿರುಗಿದೆವು. ಎರಡು ಗುಡ್ಡಗಳ ನಡುವೆ ಅಡ್ಡ ನಿಂತ ಕಟ್ಟೆಯ ಕೆಳಗೆ ಕಾರು ನಿಲ್ಲಿಸಿ ಮೂವರೂ ಇಳಿದು ಹೋದರು. ನಾನು ಕೋರಿಕೆಯ ಪತ್ರದ ಕರಡನ್ನು ಮಗನ ಟಿಪ್ಪಣಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯತೊಡಗಿದೆ. “ನಮೂದಿಸುವಾಗ ನನ್ನಿಂದಾದ ತಪ್ಪಿನಿಂದ” ಎಂಬಲ್ಲಿಗೆ ಬಂದಾಗ ಮಗ ಓಡಿ ಬಂದು ಕಿಟಕಿ ತಟ್ಟಿ, ಇನ್ನೂ ಎಷ್ಟು ಸಾಲು ಇದೆ ಎಂದು ಕೇಳಿದ. ಎರಡು ಎಂದೆ. ಅವನು ಪುಸ್ತಕವನ್ನು ಕೇಳಿ ತೆಗೆದುಕೊಂಡು, ಮೊದಲ ದಿನ ಬರೆದಿದ್ದ ಬಿಟ್ಟ ಜಾಗದ ಸಾಲಿನ ಮೇಲೆ ಗೆರೆ ಎಳೆದು, ಹಿಂದಿರುಗಿಸಿದ. ಉಳಿದ ಎರಡು ಸಾಲುಗಳನ್ನು ಕಟ್ಟೆಯ ಮೇಲೆ ನಿಂತು ಬರೆದೆ.